ಕೈ ಮೊದಲು, ನಾನು ಆಮೇಲೆ

ಬಿದ್ದದ್ದು ನನಗೆ ನೆನಪಿಲ್ಲ. ಸಿಂಧನೂರಿನಲ್ಲಿ ನಮ್ಮ ಮನೆಯವರ ಚಿಕ್ಕಪ್ಪನ ಮಗಳ ಮದುವೆ ಮುಗಿಸಿಕೊಂಡು ಟ್ರ್ಯಾಕ್ಟರಿನಲ್ಲಿ ಮಸ್ಕಿಗೆ ಹೊರಟಿದ್ದೆವಂತೆ. ಟ್ರೇಲರಿನ ಅಂಚಿಗೆ ಒರಗಿ ಕೂತ ನಾನು ಎಲ್ಲರಿಗಿಂತ ಜೋರಾಗಿ ಸೋಬಾನೆ ಹಾಡು ಹೇಳುತ್ತಿದ್ದೆನಂತೆ. ಕಾಲುವೆಯ ಸೇತುವೆ ಹತ್ತುವಾಗ ಟ್ರೇಲರು ಎಗರಿತು. ನಾನು ಹಣೆ ಮುಂದಾಗಿ ಕಲ್ಲಿನ ಮೇಲೆ ಬಿದ್ದೆ. ಮಗಳು ನೀಲಾ ಅವರಪ್ಪನ ತೊಡೆಯ ಮೇಲಿದ್ದಳು, ಅದೊಂದು ಪುಣ್ಯ. ಇದೆಲ್ಲ ಬೇರೆಯವರು ಹೇಳಿ ನನಗೆ ಗೊತ್ತಾದದ್ದು. ನನಗೆ ನೆನಪಿರುವುದು ದವಾಖಾನೆಯ ಮೇಲ್ಛಾವಣಿ, ಮತ್ತು ನಮ್ಮತ್ತೆ ನನ್ನ ಮುಖದ ಮೇಲೆ ಬಾಗಿ ಹೇಳಿದ ಮಾತು.

"ಜೀವ ಉಳೀತಲ್ಲ ಪಾರವ್ವ, ಅಷ್ಟ ಸಾಕು ಬೇ."

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಮ್ಮ ಮನೆಯವರು ಅಮರೇಶ, ಮಸ್ಕಿ ಬಸ್ ನಿಲ್ದಾಣದ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದರು. ರಿಪೇರಿಯೂ ಮಾಡುತ್ತಿದ್ದರು, ತಾಸಿನ ಲೆಕ್ಕಕ್ಕೆ ಬಾಡಿಗೆಗೂ ಕೊಡುತ್ತಿದ್ದರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಜಂಪರು, ಲಂಗ ಹೊಲಿಯುತ್ತಿದ್ದೆ. ಅತ್ತೆ ಗುರುಗುಂಟಾದಲ್ಲಿ ಆಡು, ಎಮ್ಮೆ ನೋಡಿಕೊಂಡು ಒಬ್ಬರೇ ಇದ್ದರು. ಅಲ್ಲಿಂದ ಅವರನ್ನು ಎಬ್ಬಿಸಿ ತರುವುದು ಯಾರಿಂದಲೂ ಆಗುತ್ತಿರಲಿಲ್ಲ.

ಹಣೆಯ ಹೊಲಿಗೆ ಬಿಚ್ಚಿದರು. ಗಾಯ ಮಾಯಿತು. ಬೋಳಿಸಿದ್ದ ಕಡೆ ಕೂದಲು ಬಂತು. ಮಾತು, ನಡಿಗೆ, ಹೊಲಿಗೆ ಎಲ್ಲ ಮೊದಲಿನಂತೆಯೇ ಇದ್ದವು. ಬಂದವರೆಲ್ಲ ನನ್ನ ಹಣೆ ಮುಟ್ಟಿ ನೋಡಿ, ದೇವರು ದೊಡ್ಡವನು ಎಂದು ಕೈಮುಗಿದು ಹೋದರು. ನಾನೂ ಕೈಮುಗಿದೆ.

ಏನೋ ತಪ್ಪಿದೆ ಎಂದು ಮೊದಲು ಗೊತ್ತಾದದ್ದು ಒಂದು ಸಾವಿನ ಮನೆಯಲ್ಲಿ. ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡಿದ್ದರು. ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ತಲೆಗೆ ರುಮಾಲು ಸುತ್ತಿದ್ದರು. ಹೆಂಗಸರು ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಆ ರುಮಾಲು ಮೆಲ್ಲಗೆ ಒಂದು ಕಣ್ಣಿನ ಮೇಲೆ ಜಾರಿತು. ನಾನು ನಕ್ಕೆ. ನಗು ಬಂದು ಅದನ್ನು ತಡೆಯಲಾಗದೆ ಹೋದದ್ದಲ್ಲ. ಬರುತ್ತಿದೆ ಎಂದು ತಿಳಿಯುವ ಮೊದಲೇ ಅದು ಬಾಯಿಂದ ಹೊರಗಿತ್ತು, ಜೋರಾಗಿ. ಎಲ್ಲರೂ ತಿರುಗಿ ನೋಡಿದರು. ಸತ್ತವರ ಹೆಂಡತಿಯೂ ನೋಡಿದರು. ನಾನು ಸೆರಗು ಬಾಯಿಗೊತ್ತಿಕೊಂಡು ಎದ್ದು ಬಂದೆ.

ಇನ್ನೊಂದು ದಿನ ಸಂತೆಗೆ ಎಣ್ಣೆ ತರಲು ಹೋದವಳು ಒಂದು ಆಡಿನ ಮರಿ ಕೊಂಡು ಬಂದೆ. ಕಂಡೆ, ಕೊಂಡೆ, ಅಷ್ಟೇ. ನಮ್ಮ ಮನೆಯವರು ಮರಿಯನ್ನೂ ನನ್ನನ್ನೂ ನೋಡಿ ನಕ್ಕರು. "ಇದನ್ನೆಲ್ಲಿ ಕಟ್ಟೂದು ಪಾರೂ? ಮಿಷನ್ನಿಗೇನು?" ಮರಿ ಗುರುಗುಂಟಾಕ್ಕೆ ಹೋಯಿತು. ಅವತ್ತು ನಾವು ನಕ್ಕಿದ್ದೆವು, ಆಮೇಲೆ ನಗುವಂಥದ್ದು ಕಡಿಮೆಯಾಯಿತು. ಶಾಲೆಯ ಟೀಚರೊಬ್ಬರು ಜಂಪರಿನ ಕೊರಳು ಸ್ವಲ್ಪ ಅಗಲವಾಯಿತು ಎಂದರು. ಅಷ್ಟೇ ಅಂದದ್ದು, ಮೆಲ್ಲಗೇ ಅಂದದ್ದು. ನಾನು ಅವರ ಕೈಯಿಂದ ಜಂಪರು ಕಸಿದುಕೊಂಡು ಅವರೆದುರೇ ನಡುವಿಗೆ ಕತ್ತರಿಸಿಬಿಟ್ಟೆ. ಅವರು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹೊರಗೆ ಹೋದರು. ನಾನು ಆ ಚಪ್ಪಲಿ ಎತ್ತಿಕೊಂಡು ಅಳುತ್ತ ಅವರ ಹಿಂದೆ ಓಡಿದೆ.

ಜನ ಸಿಟ್ಟು ಎನ್ನುತ್ತಿದ್ದರು. ಸಿಟ್ಟು ನನಗೆ ಮೊದಲೂ ಗೊತ್ತಿತ್ತು. ಅದು ಬರುವಾಗ ಕಾಣುತ್ತಿತ್ತು, ಬಂದ ಮೇಲೆ ಅದರ ಜೊತೆ ನಾನೂ ಇರುತ್ತಿದ್ದೆ. ಇದರಲ್ಲಿ ಕೈ ಮೊದಲು ಹೋಗುತ್ತಿತ್ತು, ನಾನು ಆಮೇಲೆ ಬಂದು ಆದದ್ದನ್ನು ನೋಡುತ್ತಿದ್ದೆ. ಅಳುವೂ ಹಾಗೇ, ಪ್ರೀತಿಯೂ ಹಾಗೇ. ನೀಲಾಳನ್ನು ಒಮ್ಮೆಲೇ ಎಳೆದು ಅಪ್ಪಿಕೊಂಡರೆ ಅವಳ ಮೈ ಕಟ್ಟಿಗೆಯಂತೆ ಬಿಗಿಯಾಗುತ್ತಿತ್ತು. ಆಗ ಅವಳು ಶಾಲೆಗೆ ಹೆಸರು ಹಚ್ಚುವಷ್ಟು ದೊಡ್ಡವಳಾಗಿದ್ದಳು. ಮೊದಲೆಲ್ಲ ಬಾಯಿ ಮುಚ್ಚದ ಹುಡುಗಿ, ನಾನು ಕೋಣೆಗೆ ಬಂದರೆ ಸುಮ್ಮನಾಗತೊಡಗಿದಳು. ಆಡುತ್ತಿದ್ದವಳು ಆಟ ನಿಲ್ಲಿಸಿ ನನ್ನ ಮುಖ ನೋಡುವಳು. ನೋಡಿ, ಇವತ್ತು ಹೇಗಿದೆ ಎಂದು ಅಳೆದು, ಆಮೇಲೆ ಉಸಿರು ಬಿಡುವಳು.

ಅತ್ತೆ ಸಂತೆಗೆಂದು ಬಂದಿದ್ದ ದಿನ ಅದು ಆಯಿತು. ನೀಲಾ ನನ್ನ ದಾರದ ಉಂಡೆ ತೆಗೆದುಕೊಂಡು ಖುರ್ಚಿಯ ಕಾಲಿನಿಂದ ಮಿಷನ್ನಿನ ಕಾಲಿಗೆ, ಅಲ್ಲಿಂದ ಬಾಗಿಲಿನ ಚಿಲಕಕ್ಕೆ ಸುತ್ತಿ ಮನೆ ಕಟ್ಟಿದ್ದಳು. ನಾನು ಎದ್ದಾಗ ದಾರ ಕಾಲಿಗೆ ತೊಡರಿತು. ನನ್ನ ಕೈಯಲ್ಲಿ ದೊಡ್ಡ ಕತ್ತರಿಯಿತ್ತು. ಆಮೇಲೆ ಅದು ಕೈಯಲ್ಲಿರಲಿಲ್ಲ. ನೀಲಾಳ ಕಿವಿಯ ಪಕ್ಕದಲ್ಲಿ ಹಾದು ಬಾಗಿಲಿಗೆ ನಟ್ಟು ಅಲ್ಲಾಡುತ್ತಿತ್ತು.

ಅವಳು ಅಳಲಿಲ್ಲ. ದಾರದ ಮನೆಯೊಳಗೆ ನಿಂತಲ್ಲೇ ನಿಂತಳು, ಕಾಲ ಬುಡದಲ್ಲಿ ನೆಲ ಒದ್ದೆಯಾಯಿತು.

ಅತ್ತೆ ಬೈಯಲಿಲ್ಲ. ಕೈಯಲ್ಲಿದ್ದ ಉಳ್ಳಾಗಡ್ಡಿ ಚೀಲ ಅಲ್ಲೇ ಬಿಟ್ಟು, ಹುಡುಗಿಯ ಲಂಗ ಬದಲಿಸಿ, ಅವಳನ್ನು ಕಂಕುಳಿಗೆ ಎತ್ತಿಕೊಂಡರು. "ಸಾಕು," ಎಂದರು. "ಇನ್ನ ಈ ಕೂಸು ಇಲ್ಲಿರಂಗಿಲ್ಲ."

ನಾನು ಬಸ್ ನಿಲ್ದಾಣದ ತನಕ ಅವರ ಹಿಂದೆ ಬರಿಗಾಲಿನಲ್ಲಿ ಹೋದೆ. ಲಿಂಗಸುಗೂರಿನ ಬಸ್ಸು ಹೊರಡುವುದರಲ್ಲಿತ್ತು. ಅತ್ತೆ ಮೆಟ್ಟಿಲು ಹತ್ತುತ್ತಿದ್ದರು. ನಾನು ನೀಲಾಳ ತೋಳು ಹಿಡಿದೆ. ಅತ್ತೆ ಇನ್ನೊಂದು ತೋಳು ಹಿಡಿದಿದ್ದರು. "ನನ್ನ ಮಗಳು, ಕೊಡ್ರಿ!" ಎಂದು ಕಿರುಚಿದೆ. ಸಂತೆಯ ಜನವೆಲ್ಲ ನಿಂತು ನೋಡುತ್ತಿತ್ತು. ನಮ್ಮ ಮನೆಯವರು ಅಂಗಡಿಯಿಂದ ಎಣ್ಣೆಗೈಯಲ್ಲೇ ಓಡಿ ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸಿದರು. "ಬಿಡು ಪಾರೂ. ತೋಳು ನೋಡು, ಆಕೀ ತೋಳು ನೋಡು."

ನೋಡಿದೆ. ನನ್ನ ಬೆರಳಿನ ಗುರುತು ಕೆಂಪಗೆ ಎದ್ದಿತ್ತು. ಆಗಲೂ ಅವಳು ಅಳುತ್ತಿರಲಿಲ್ಲ. ಬಸ್ಸು ಹೋಯಿತು.

ಆಮೇಲಿನ ತಿಂಗಳುಗಳಲ್ಲಿ ಎಲ್ಲರೂ ಒಂದೊಂದು ಹೇಳಿದರು. ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದರು. ಲಿಂಬಿಹಣ್ಣು ಇಳಿಸಿದರು. ತವರಿನ ಕಡೆಯವರು, ಇದಕ್ಕೆ ಇನ್ನೊಂದು ಕೂಸು ಆಗುವುದೇ ಮದ್ದು ಎಂದರು. ಓಣಿಯವರು ಸೊಕ್ಕು ಎಂದರು. ನಾನು ಎಲ್ಲವನ್ನೂ ನಂಬಿದೆ, ಸೊಕ್ಕು ಎಂಬುದನ್ನು ಎಲ್ಲಕ್ಕಿಂತ ಹೆಚ್ಚು ನಂಬಿದೆ. ಒಳ್ಳೆಯ ತಾಯಿಗೆ ಹೀಗೆ ಆಗುವುದಿಲ್ಲವಲ್ಲ.

ನಂಬದವರು ಪಕ್ಕದ ಮನೆಯ ಮಹಬೂಬಿ ಚಾಚಿ ಒಬ್ಬರೇ. ನಮ್ಮೆರಡು ಮನೆಗಳ ಹಿತ್ತಲಿನ ನಡುವೆ ಎದೆಯೆತ್ತರದ ಗೋಡೆಯಿತ್ತು. ಒಂದು ಬೆಳಿಗ್ಗೆ ನಾನು ಬಟ್ಟೆ ಒಗೆಯುವಾಗ ಅವರು ಗೋಡೆಯ ಆಚೆಯಿಂದ ಹೇಳಿದರು.

"ಬೇಟಿ, ಇದು ಗಾಳೀನೂ ಅಲ್ಲ, ಸೊಕ್ಕೂ ಅಲ್ಲ. ಬಿದ್ದ ಮ್ಯಾಲೆ ನೀ ನಗೂದೂ ಬ್ಯಾರೆ ಆಗೇತಿ. ಸೊಕ್ಕಿದ್ದಾಕೀದು ನಗು ಯಾಕ ಬ್ಯಾರೆ ಆಗ್ತೈತಿ? ತೆಲಿ ಒಳಗ ಏನೋ ಪೆಟ್ಟಾಗೇತಿ. ತೆಲಿ ನೋಡೋ ಡಾಕ್ಟರ್ ಕಡೆ ಹೋಗ್ರಿ."

ಬಳ್ಳಾರಿಯ ಒಬ್ಬ ಡಾಕ್ಟರು ತಿಂಗಳಿಗೊಮ್ಮೆ ಸಿಂಧನೂರಿಗೆ ಬರುತ್ತಾರೆ, ಮೆದುಳು, ಮನಸ್ಸಿನ ಬ್ಯಾನಿ ನೋಡುತ್ತಾರೆ ಎಂದು ಎಲ್ಲಿಂದಲೋ ವಿಚಾರಿಸಿ ಹೇಳಿದವರೂ ಅವರೇ. ಹುಚ್ಚರ ಡಾಕ್ಟರು ಎಂದು ನಾನು ಎರಡು ತಿಂಗಳು ತಳ್ಳಿದೆ. ಮೂರನೆಯ ಸಲ ನಮ್ಮ ಮನೆಯವರು ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತರು. ಆ ಅಂಗಿ ಅವರು ಮದುವೆಗಳಿಗೆ ಮಾತ್ರ ಹಾಕುತ್ತಿದ್ದರು.

ಆ ದವಾಖಾನೆಯ ಪಡಸಾಲೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಬೆಂಚು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬ ಗಂಡಸು ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದ. ಪರಿಚಯದವರು ಯಾರಾದರೂ ಬಂದುಬಿಟ್ಟರೆ ಎಂದು ನಾನೂ ಸೆರಗು ಮುಂದಕ್ಕೆ ಎಳೆದುಕೊಂಡೆ. ನನ್ನ ಪಕ್ಕದಲ್ಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಳಿ ಹೆಂಗಸೊಬ್ಬರು ತಮ್ಮನನ್ನು ಕರೆದುಕೊಂಡು ಬಂದಿದ್ದರು. ಆ ಹುಡುಗ ನೆಲ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಆಕೆ ಮಾತ್ರ ಸಂತೆಯಲ್ಲಿ ಬದನೆಕಾಯಿ ಕೇಳುವಷ್ಟು ಸಲೀಸಾಗಿ ನನ್ನನ್ನು ಕೇಳಿದರು.

"ನಿಮ್ದು ಏನು ಬ್ಯಾರಾಮು?"

"ಸಿಟ್ಟು," ಎಂದೆ.

"ಇವನ್ದು ಭಯ," ಎಂದರು ಆಕೆ. "ನಿಮ್ದು ಹೊರಗೆ ಬರ್ತದೆ. ಇವನ್ದು ಒಳಗೇ ಕೂತದೆ."

ಬಿಸಿಲೇರಿತು. ಫ್ಯಾನು ನಿಂತಿತು. ನಮ್ಮ ನಂತರ ಬಂದವರೊಬ್ಬರನ್ನು ಕಂಪೌಂಡರು ಮೊದಲು ಒಳಗೆ ಬಿಟ್ಟರು. ನಾನು ಎದ್ದು ಅವರ ಮೇಜಿನ ಮೇಲಿದ್ದದ್ದನ್ನೆಲ್ಲ ಕೈಯಿಂದ ಸವರಿ ಕೆಡವಿದೆ. ಏನೇನೋ ಅಂದೆ. ಹೊರಗೆ ನಡೆದು ಬಸ್ ನಿಲ್ದಾಣದ ದಾರಿ ಹಿಡಿದೆ. ನಮ್ಮ ಮನೆಯವರು ಹಿಂದೆಯೇ ಬಂದರು. ಕೈ ಹಿಡಿಯಲಿಲ್ಲ. ರಸ್ತೆಯ ನಡುವೆ ನಾನೇ ನಿಂತು ಅಳತೊಡಗಿದೆ. "ನನ್ನ ಇಲ್ಲೇ ಬಿಟ್ಟು ಹೋಗ್ರಿ. ನೀಲಾನ್ನ ನೀವಾ ಸಾಕ್ರಿ," ಎಂದೆ.

"ಸೈಕಲ್ ಬಾಡಿಗಿ ವಸೂಲಿ ಮಾಡೂದ ನಂಗ ಬರಂಗಿಲ್ಲ, ಹೆಣ್ಣುಕೂಸು ಹ್ಯಾಂಗ ಸಾಕ್ಲಿ?" ಎಂದರು. "ನಡಿ."

ಹಿಂದಿರುಗಿದಾಗ ಪಡಸಾಲೆ ತುಂಬಿತ್ತು. ಎಲ್ಲರೂ ನನ್ನಿಂದ ಸರಿದು ಕೂತರು. ಬೆಂಚಿನ ಮೇಲೆ ನಾನು ಕೂತಿದ್ದ ಜಾಗದಲ್ಲಿ ಒಂದು ಬಟ್ಟೆಯ ಚೀಲವಿತ್ತು. ಬಂಗಾಳಿ ಹೆಂಗಸು ಅದನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡರು. "ನಿಮ್ ಜಾಗ ಇದೆ," ಎಂದರು. ಅದರೊಳಗಿಂದ ಒಂದು ಹಿಡಿ ಮಂಡಕ್ಕಿ ತೆಗೆದು ನನ್ನ ಕೈಗೆ ಹಾಕಿದರು. ಅವರ ಹೆಸರನ್ನು ನಾನು ಕೇಳಲೇ ಇಲ್ಲ.

ಡಾಕ್ಟರು ವಯಸ್ಸಾದವರು. ಹಣೆಯ ಗುರುತು ನೋಡಿದರು, ಬಿದ್ದ ಕಥೆ ಕೇಳಿದರು. ನನ್ನನ್ನು ಕೇಳಿದ್ದಕ್ಕಿಂತ ಹೆಚ್ಚು ನಮ್ಮ ಮನೆಯವರನ್ನು ಕೇಳಿದರು. ಮೊದಲು ಹೇಗಿದ್ದರು, ಈಗ ಹೇಗೆ. ಆಮೇಲೆ ನನ್ನ ಕಡೆ ತಿರುಗಿದರು.

"ಒಂದು ಸಣ್ಣ ಆಟ ಆಡೋಣಮ್ಮ. ನಾನು ಟೇಬಲ್ಲಿಗೆ ಒಂದು ಸಲ ಬಡಿದರೆ ನೀವೂ ಒಂದು ಸಲ ಬಡೀರಿ. ನಾನು ಎರಡು ಸಲ ಬಡಿದರೆ ಮಾತ್ರ ನೀವು ಸುಮ್ಮನಿರಬೇಕು."

ಕೂಸಿಗೂ ಬರುವ ಆಟ. ಅವರು ಒಂದು ಸಲ ಬಡಿದರು, ನಾನು ಬಡಿದೆ. ಮತ್ತೆ ಒಂದು, ನಾನೂ ಒಂದು. ಅವರು ಎರಡು ಬಡಿದರು. ನನ್ನ ಬೆರಳು ಬಡಿಯಿತು. "ತಪ್ಪಾತ್ರಿ," ಎಂದೆ. ಮತ್ತೆ ಶುರುಮಾಡಿದರು. ಎರಡು ಬಡಿದರೆ ಸುಮ್ಮನಿರಬೇಕು, ಸುಮ್ಮನಿರಬೇಕು ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳುತ್ತಿರುವಾಗಲೇ ಬೆರಳು ಬಡಿಯಿತು. ಮತ್ತೊಮ್ಮೆ. ಮತ್ತೊಮ್ಮೆ. ಕೊನೆಗೆ ನಾನು ಎಡಗೈಯಿಂದ ಬಲಗೈ ಹಿಡಿದುಕೊಂಡು ಕೂತೆ. ಹೊಲಿಗೆಯ ಸೂಜಿಯ ಕೆಳಗೆ ದಾರದಷ್ಟೂ ತಪ್ಪದ ನನ್ನ ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ. ಅಳು ಬಂತು. ನಮ್ಮ ಮನೆಯವರ ಮುಖ ನೋಡಿದೆ. ಅವರು ಆ ಬೆರಳನ್ನೇ ನೋಡುತ್ತಿದ್ದರು. ಇಷ್ಟು ದಿನ ಅವರೂ ಒಳಗೊಳಗೆ ಇದನ್ನು ಸೊಕ್ಕು ಎಂದುಕೊಂಡಿದ್ದರೋ ಏನೋ, ಅದು ಅವರ ಮುಖದಿಂದ ಇಳಿದುಹೋದದ್ದು ನನಗೆ ಕಂಡಿತು.

"ಇದು ನಿಮ್ಮ ಗುಣ ಅಲ್ಲ," ಎಂದರು ಡಾಕ್ಟರು. "ತಲೆಯ ಮುಂಭಾಗಕ್ಕೆ ಪೆಟ್ಟಾಗಿದೆ. ತಡಿ ಅನ್ನೋ ಭಾಗ ಅದು."

"ಬ್ರೇಕ್ ಹೋದಂಗೇನ್ರಿ?" ಎಂದು ಕೇಳಿದರು ನಮ್ಮ ಮನೆಯವರು.

"ಹಂಗೇ ಅನ್ಕೊಳ್ರಿ."

"ಹೊಸಾ ವೈರ್ ಹಾಕಾಕ ಬರ್ತೈತೇನ್ರಿ?"

ಡಾಕ್ಟರು ನಕ್ಕು ತಲೆಯಾಡಿಸಿದರು. ಪೂರಾ ಮೊದಲಿನಂತೆ ಆಗುತ್ತದೆ ಎಂದು ಹೇಳಲಾರೆ ಎಂದರು. ಗುಳಿಗೆ ಸ್ವಲ್ಪ ಹಿಡಿದಿಡುತ್ತದೆ, ಉಳಿದದ್ದನ್ನು ಕಲಿಯಬೇಕು ಎಂದರು. ವಾಸಿಯಾಗುತ್ತದೆ ಎಂಬ ಮಾತು ಕೇಳಲು ಬಂದಿದ್ದೆ. ಬಸ್ಸಿನಲ್ಲಿ ನಮ್ಮ ಮನೆಯವರು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು.

"ನಮ್ಮಂಗಡ್ಯಾಗ ಬ್ರೇಕ್ ಇಲ್ಲದ ಸೈಕಲ್ಲೂ ಬಾಡಿಗಿ ಹೋಗ್ತಾವು. ಇಳಕಲು ಬರೂಕಿಂತ ಮೊದ್ಲ ಹುಡುಗ್ರು ಕಾಲು ಊರ್ತಾವು. ಬಿದ್ದೋರು ಕಡಿಮಿ."

ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದೇ ಕಷ್ಟವಾಗಿತ್ತು. ಮುಂದಿನ ಸಲ ಹೋದಾಗ ಡಾಕ್ಟರು ಕೇಳಿದರು, "ಕೈ ಎತ್ತೋ ಮುಂಚೆ ಮೈಯಲ್ಲಿ ಎಲ್ಲಿ ಏನಾಗ್ತದೆ ನೋಡಿಕೊಂಡು ಬನ್ನಿ." ಏನೂ ಆಗುವುದಿಲ್ಲ ಎಂದೆ. ಆಗುತ್ತದೆ, ನೋಡಿ ಎಂದರು. ನೋಡಿದೆ. ಎಡಗಿವಿ ಬಿಸಿಯಾಗುತ್ತಿತ್ತು. ಒಲೆಯ ಮುಂದೆ ಒಂದೇ ಮಗ್ಗುಲಾಗಿ ಕೂತರೆ ಆಗುವಂತೆ. ಅದಾದ ಮೇಲೆ ಹಲ್ಲು ಕಚ್ಚುತ್ತಿದ್ದೆ. ಕಿವಿಗೂ ಕೈಗೂ ನಡುವೆ ಒಂದು ಉಸಿರಿನಷ್ಟು ಜಾಗವಿತ್ತು. ನನಗೆ ಉಳಿದಿದ್ದದ್ದು ಅಷ್ಟೇ ಜಾಗ.

ಆ ಜಾಗದಲ್ಲಿ ಮಾಡಬೇಕಾದದ್ದು ಒಂದೇ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹಿತ್ತಲಿಗೆ ಹೋಗುವುದು. ಯಾರು ಎದುರಿಗಿದ್ದರೂ, ಮಾತು ಅರ್ಧವಾಗಿದ್ದರೂ. ಒಗೆಯುವ ಕಲ್ಲಿನ ಮೇಲೆ ಕೂತು ಬಕೆಟ್ಟಿನಲ್ಲಿ ಕೈ ಮುಳುಗಿಸುವುದು. ಕಿವಿ ತಣ್ಣಗಾದ ಮೇಲೆ ಒಳಗೆ ಬಂದು, ಬಿಟ್ಟ ಮಾತು ಮತ್ತೆ ಹಿಡಿಯುವುದು. ಕೇಳಲು ಇಷ್ಟೇ. ಮೊದಮೊದಲು ನಾನು ಹಿತ್ತಲಿಗೆ ತಲುಪುತ್ತಿದ್ದದ್ದು ಏನಾದರೂ ಒಡೆದ ಮೇಲೆ. ಆದರೂ ಹೋಗಿ ಕೂರಬೇಕು ಎಂದಿದ್ದರು ಡಾಕ್ಟರು. ತಡವಾದರೂ ಹೋಗಿ ಎಂದು.

ನಮ್ಮ ಮನೆಯವರಿಗೂ ಒಂದು ಪಾಠವಿತ್ತು. "ಸಮಾಧಾನ ಮಾಡ್ಕೊ" ಎಂಬ ಮಾತನ್ನು ಬಿಡಬೇಕಿತ್ತು. ಆ ಮಾತು ಕೇಳಿದರೆ ನನ್ನ ಕಿವಿ ಉರಿದು ಹೋಗುತ್ತಿತ್ತು. ಅದರ ಬದಲು ಅವರು ಬರೀ "ಹಿತ್ತಲ" ಎನ್ನಬೇಕು, ಹಿಂದೆ ಬರಬಾರದು. ಒಂದು ದಿನ ಅವರು ಹಾಗೆಂದಾಗ ನಾನು ಹಿಟ್ಟಿನ ಪರಾತ ಎತ್ತಿ ಒಗೆದೆ. ಅವರ ಹುಬ್ಬು ಒಡೆಯಿತು. ರಕ್ತ ಒರೆಸಿಕೊಳ್ಳುತ್ತ ಅವರು ಮತ್ತೆ ಅಷ್ಟೇ ಮೆಲ್ಲಗೆ "ಹಿತ್ತಲ" ಎಂದರು. ನಾನು ಹೋದೆ. ಅಂಗಡಿಯಲ್ಲಿ ಕೇಳಿದವರಿಗೆ ಪೆಡಲ್ ಬಡಿಯಿತು ಎಂದು ಹೇಳಿದರಂತೆ.

ಗುಳಿಗೆಯಿಂದ ಬಾಯಿ ಒಣಗುತ್ತಿತ್ತು, ಮಧ್ಯಾಹ್ನ ಮಿಷನ್ನಿನ ಮೇಲೇ ತೂಕಡಿಕೆ ಬರುತ್ತಿತ್ತು. ಅವಸರದ ಹೊಲಿಗೆ ಬಿಟ್ಟೆ. ಮದುವೆಯ ತಿಂಗಳಲ್ಲಿ ಓಣಿಗೆ ಮೈಕು ಕಟ್ಟಿದರೆ ಚಾಚಿಯ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹಿತ್ತಲಿಗೆ ನಾನು ಓಡಿ ಬಂದದ್ದು ಕಂಡರೆ ಚಾಚಿ ಗೋಡೆಯಾಚೆ ಏನೂ ಕೇಳದೆ ತಮ್ಮ ಪಾತ್ರೆ ತಿಕ್ಕುತ್ತಿದ್ದರು. ಆ ಸದ್ದು ನನಗೆ ಎಷ್ಟು ಹಿತವಾಗಿತ್ತು ಎಂದು ಅವರಿಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಹೀಗೆ ಒಂದು ಬೇಸಿಗೆ, ಒಂದು ಮಳೆಗಾಲ ಹೋಯಿತು. ನಮ್ಮ ಮನೆಯವರು ಆಗಾಗ ಗುರುಗುಂಟಾಕ್ಕೆ ಹೋಗಿ ನೀಲಾಳನ್ನು ನೋಡಿಕೊಂಡು ಬರುತ್ತಿದ್ದರು. ನನ್ನನ್ನು ಒಯ್ಯುತ್ತಿರಲಿಲ್ಲ. ಅತ್ತೆ ಬೇಡ ಎಂದಿದ್ದರು. ಒಂದು ದಿನ ನಮ್ಮ ಮನೆಯವರು ಅಲ್ಲಿಂದ ಬಂದು, ಅವಳ ಮುಂದಿನ ಹಲ್ಲು ಬಿದ್ದಿದೆ ಎಂದರು. ಮರುದಿನ ಮಿಷನ್ನಿನ ಮೇಲೆ ಅರ್ಧ ಹೊಲಿದ ಜಂಪರು ಹಾಗೇ ಬಿಟ್ಟು ಎದ್ದು ಹೋಗಿ ಬಸ್ಸು ಹತ್ತಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಇದೂ ಅದೇ ಬ್ಯಾನಿಯೇ ಎಂದು ಲಿಂಗಸುಗೂರಿನಲ್ಲಿ ಬಸ್ಸು ಇಳಿದಾಗ ಹೊಳೆಯಿತು. ಗುರುಗುಂಟಾದ ಬಸ್ಸಿಗೆ ಇನ್ನೂ ಹೊತ್ತಿತ್ತು. ವಾಪಸ್ಸು ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಕಟ್ಟೆಯ ಮೇಲೆ ಕೂತು ಎಡಗಿವಿ ಮುಟ್ಟಿ ನೋಡಿಕೊಂಡೆ, ಜ್ವರ ನೋಡಿದಂತೆ. ತಣ್ಣಗಿತ್ತು. ಗುರುಗುಂಟಾದ ಬಸ್ಸಿಗೇ ಹತ್ತಿದೆ.

ಅತ್ತೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟರು. ನೀಲಾ ನಾನು ಕೊಂಡಿದ್ದ ಮರಿಯ ಕೊರಳು ತಬ್ಬಿಕೊಂಡು ನಿಂತಿದ್ದಳು. ಅದು ಈಗ ಅವಳೆತ್ತರ ಬೆಳೆದಿತ್ತು. ನನ್ನನ್ನು ನೋಡಿದ ಕೂಡಲೇ ಅವಳು ಆಡನ್ನು ಬಿಟ್ಟು ಅಜ್ಜಿಯ ಬೆನ್ನ ಹಿಂದೆ ಹೋದಳು.

"ಯಾಕ ಬಂದಿ?" ಎಂದರು ಅತ್ತೆ.

"ಮಗಳ್ನ ನೋಡಾಕ ಬಂದೀನ್ರೀ ಅತ್ತಿ."

"ನೋಡಿದೆಲ್ಲ."

"ನೀಲಾ, ಬಾ ಯವ್ವಾ. ಹಲ್ಲು ತೋರ್ಸು."

ಅವಳು ಅತ್ತೆಯ ಸೀರೆಯಲ್ಲಿ ಮುಖ ಹುದುಗಿಸಿದಳು. ಅತ್ತೆ ಹೇಳಿದರು, "ಆಕೀ ಬರಂಗಿಲ್ಲ. ನಿನ್ನ ದನಿ ಕೇಳಿದ್ರ ಚಡ್ಡಿ ತೊಯ್ಸಿಕೊಂತಿತ್ತು ಕೂಸು. ಈಗ ಒಂದೀಟು ನಗಾಕತ್ತೈತಿ. ಅದನ್ನೂ ಕಸಗೊಂಡು ಹೋಗಾಕ ಬಂದಿಯೇನ?"

ಕಿವಿ ಭಗ್ಗೆಂದಿತು. ಎದುರಿಗೆ ಮೊರವಿತ್ತು, ಬೀಸುಕಲ್ಲಿನ ಗೂಟವಿತ್ತು. ಎಳೆದುಕೊಂಡು ಹೋಗು, ನಿನ್ನ ಮಗಳು ಎಂದು ಮೈಯೆಲ್ಲ ಹೇಳುತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟೇಬಿಟ್ಟೆ. ನೀಲಾಳ ಕೈಬೆರಳು ಸೀರೆಯನ್ನು ಹಿಡಿದಿದ್ದದ್ದು ಕಂಡಿತು, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ.

"ಹೊರಗ ಹೋಗಿ ಬರ್ತೀನಿ," ಎಂದೆ. ದನಿ ನನ್ನದಲ್ಲ ಎನ್ನಿಸಿತು.

ಹಿತ್ತಲಿನ ಆಡಿನ ದೊಡ್ಡಿಗೆ ಹೋಗಿ ಬೇವಿನ ಮರ ಹಿಡಿದು ನಿಂತೆ. ಅಲ್ಲಿ ಕಲ್ಲಿರಲಿಲ್ಲ, ಬಕೆಟ್ಟಿರಲಿಲ್ಲ, ಚಾಚಿಯ ಪಾತ್ರೆಯ ಸದ್ದಿರಲಿಲ್ಲ. ಆಡುಗಳು ನೀರು ಕುಡಿಯುವ ದೋಣಿಯಲ್ಲಿ ಮೊಣಕೈ ತನಕ ಕೈ ಇಟ್ಟೆ. ಹಲ್ಲು ಕಡಿಯುವ ಸದ್ದು ನನಗೇ ಕೇಳುತ್ತಿತ್ತು. ಎಷ್ಟು ಹೊತ್ತೋ. ನಾನು ಬಸ್ಸಿಗೆ ಹೋಗಿರಬೇಕು ಎಂದುಕೊಂಡು ಅತ್ತೆ ಬಾಗಿಲು ಹಾಕಲು ಹಿತ್ತಲಿಗೆ ಬಂದರು. ನನ್ನನ್ನು ಕಂಡು ನಿಂತರು.

"ಏನ್ ಮಾಡಾಕತ್ತೀ ಬೇ?"

"ಬರಾಕತ್ತಿತ್ರೀ ಅತ್ತಿ. ಅದಕ್ಕ ಇಲ್ಲಿ ಬಂದೆ. ಇನ್ನೊಂಚೂರು ತಡೀರಿ, ಹೋಗ್ತೈತಿ."

ಅವರು ತಡೆದರು. ಬೇವಿನ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತರು. ನನ್ನ ಕೈಯ ಸುತ್ತ ನೀರು ಅಲ್ಲಾಡುತ್ತಿದ್ದದ್ದನ್ನು ನೋಡುತ್ತ ಕೂತರು. ಕಿವಿ ತಣ್ಣಗಾಯಿತು. ನಾನು ಕೈ ಹೊರಗೆ ತೆಗೆದೆ.

"ದಿನಾ ಹಿಂಗಾ ಮಾಡ್ತಿಯೇನು?" ಅತ್ತೆಯ ದನಿ ಮೊದಲ ಸಲ ಬೇರೆಯಾಗಿತ್ತು.

"ದಿನಾ ರೀ."

"ನಾ ಸೊಕ್ಕು ಅಂದಿದ್ದೆ," ಎಂದರು. ಆಮೇಲೆ ಎದ್ದರು. "ರೊಟ್ಟಿ ತಿಂದು ಹೋಗು. ಇವತ್ತು ಆಕಿನ್ನ ಕಳಸಂಗಿಲ್ಲ. ಆದ್ರ ಬರ್ತಿರು."

ಆ ರೊಟ್ಟಿಯನ್ನು ನಾನು ಅಡಿಗೆ ಮನೆಯ ಹೊಸ್ತಿಲಲ್ಲಿ ಕೂತು ತಿಂದೆ. ನೀಲಾ ಒಳಗಿನಿಂದ ನೋಡುತ್ತಿದ್ದಳು, ಹತ್ತಿರ ಬರಲಿಲ್ಲ.

ಹೋಗುತ್ತಿದ್ದೆ. ವಾರಕ್ಕೊಮ್ಮೆ, ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುವುದು. ಡಾಕ್ಟರು ಹೇಳಿದಂತೆ, ಅವಳು ಬಂದರೆ ಸರಿ, ಬರದಿದ್ದರೂ ಸರಿ, ನಾನಾಗಿ ಕೈ ಚಾಚುವುದಿಲ್ಲ ಎಂದು ಮಾಡಿಕೊಂಡೆ. ಇದ್ದಕ್ಕಿದ್ದಂತೆ ಅಪ್ಪಿಕೊಳ್ಳುವುದನ್ನು ತಡೆಯುವುದು ಹೊಡೆಯುವುದನ್ನು ತಡೆಯುವುದಕ್ಕಿಂತ ಕಷ್ಟವಾಗಿತ್ತು. ಮೊದಲು ಅವಳು ಹೊಸ್ತಿಲಿಗೆ ಬಂದಳು. ಆಮೇಲೆ ಒಂದು ದಿನ ತನ್ನ ಗೊಂಬೆಯ ಲಂಗ ಹರಿದದ್ದನ್ನು ತಂದು ನನ್ನೆದುರು ಇಟ್ಟು, ಓಡಿಹೋದಳು. ನಾನು ಹೊಲಿದು ಅಲ್ಲೇ ಇಟ್ಟೆ. ಹೊಸ ಹಲ್ಲು ಅರ್ಧ ಬೆಳೆದಾಗ ಬಾಯಿ ತೆರೆದು ತೋರಿಸಿದಳು.

ಮುಂದಿನ ಬೇಸಿಗೆ ಕಳೆದು ಶಾಲೆ ಶುರುವಾಗುವಾಗ ಅತ್ತೆ ಅವಳನ್ನು ಕರೆದುಕೊಂಡು ಮಸ್ಕಿಗೆ ಬಂದರು. ಆಡು, ಎಮ್ಮೆಗಳನ್ನು ಅಣ್ಣತಮ್ಮಂದಿರ ಮನೆಗೆ ಒಪ್ಪಿಸಿ, ತಾವೂ ಉಳಿದರು. ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ನನ್ನನ್ನು ಕಾಯಲೆಂದೇ ಉಳಿದರು ಎಂದು ನನಗೆ ಗೊತ್ತಿತ್ತು. ಮಲಗುವಾಗ ನನ್ನ ಮತ್ತು ನೀಲಾಳ ನಡುವೆ ಮಲಗುತ್ತಿದ್ದರು. ನನಗೆ ಅವಮಾನವೂ ಆಗುತ್ತಿತ್ತು, ಧೈರ್ಯವೂ ಬರುತ್ತಿತ್ತು. ಹಿತ್ತಲಿಗೆ ಎದ್ದು ಹೋದಾಗ ಯಾರೋ ಒಬ್ಬರು ಕೂಸಿನ ಹತ್ತಿರ ಇದ್ದಾರೆ ಎಂಬುದು ದೊಡ್ಡ ಆಸರೆ. ಜೋಳ ಬಿತ್ತುವ ಹೊತ್ತಿಗೆ ಅವರು ತಮ್ಮ ಊರಿಗೆ ಹೊರಟರು. ಬಸ್ಸಿನ ಕಿಟಕಿಯಿಂದ, "ಗುಳಿಗಿ ಬಿಡಬ್ಯಾಡ," ಎಂದಷ್ಟೇ ಹೇಳಿದರು.

ಇದನ್ನು ಬರೆಯುವ ಈ ಹೊತ್ತಿಗೆ ನೀಲಾ ಲಿಂಗಸುಗೂರಿನ ಕಾಲೇಜಿಗೆ ಹೋಗುತ್ತಿದ್ದಾಳೆ. ಗುಳಿಗೆ ಕಡಿಮೆಯಾಗಿದೆ, ನಿಂತಿಲ್ಲ. ಜನ ಸೇರಿದ ಕಡೆ ನಾನು ಇವತ್ತಿಗೂ ಬಾಗಿಲ ಹತ್ತಿರವೇ ಕೂರುತ್ತೇನೆ. ಹೋದ ತಿಂಗಳು ಒಂದು ಸೌಟು ಮುರಿದೆ. ನಿಮ್ಮ ಮನೆಯಲ್ಲಿ ತಲೆಗೆ ಪೆಟ್ಟಾಗಿ, ಎದ್ದು ಓಡಾಡುತ್ತಿದ್ದರೂ ಮೊದಲಿನವರಾಗಿ ಉಳಿಯದ ಯಾರಾದರೂ ಇದ್ದರೆ, ಅವರು ಒಳಗೆ ಎಷ್ಟು ಗಾಬರಿಯಲ್ಲಿರುತ್ತಾರೆ ಎಂದು ನನಗೆ ಗೊತ್ತು. ನನ್ನಂಥವರು ಇನ್ನೊಬ್ಬರು ಇದ್ದಾರೆ ಎಂದು ಆಗ ನನಗೆ ಯಾರಾದರೂ ಹೇಳಿದ್ದರೆ ಸಾಕಿತ್ತು. ಅದಕ್ಕೇ ಇಷ್ಟು ಬರೆದೆ. ಇನ್ನು ಹೇಳಬೇಕಾದದ್ದು ಒಂದೇ ಉಳಿದಿದೆ, ಅದು ಅತ್ತೆ ಊರಿಗೆ ಹೋದ ಸ್ವಲ್ಪ ದಿನಕ್ಕೆ ಆದದ್ದು.

ನೀಲಾ ಆಗ ಬಹಳ ಒಳ್ಳೆಯ ಹುಡುಗಿಯಾಗಿದ್ದಳು. ಎಲ್ಲರೂ ಹೊಗಳುತ್ತಿದ್ದರು. ಒಂದು ವಸ್ತುವನ್ನೂ ಬೀಳಿಸುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ. "ಅವ್ವಾ, ನೀರು ಕುಡೀಲಾ?" ಎಂದು ಕೇಳಿ ನೀರು ಕುಡಿಯುತ್ತಿದ್ದಳು. ಹೊಗಳಿಕೆ ಕೇಳಿದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ. ಆ ಒಳ್ಳೆಯತ ಎಲ್ಲಿಂದ ಬಂದದ್ದು ಎಂದು ನನಗೆ ಗೊತ್ತಿತ್ತಲ್ಲ.

ಒಂದು ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತಿದ್ದೆ. ಶಾಲೆಗೆ ಹೊತ್ತಾಗಿತ್ತು. ಸಿಕ್ಕು ಬಿಡಿಸುವಾಗ ಹಣಿಗೆ ಎಳೆಯಿತು. ಅವಳು ಗಕ್ಕನೆ ತಿರುಗಿ ಹಣಿಗೆಯನ್ನು ನನ್ನ ಕೈಯಿಂದ ಕಿತ್ತು ಗೋಡೆಗೆ ಬೀಸಿ ಒಗೆದಳು.

"ನೀ ಹಾಕಬ್ಯಾಡ! ನಿಂಗ ಬರಂಗಿಲ್ಲ! ನಂಗ ಅಮ್ಮಾನ ಬೇಕು, ನೀ ಬ್ಯಾಡ!"

ಅಮ್ಮ ಎಂದರೆ ಅವಳ ಅಜ್ಜಿ. ನೆಲಕ್ಕೆ ಕಾಲು ಬಡಿಯುತ್ತ, ಮುಖ ಕೆಂಪಗೆ ಮಾಡಿಕೊಂಡು ಅವಳು ಕಿರುಚತೊಡಗಿದಳು. ಹೊಸ ರಿಬ್ಬನ್ನು ಎಳೆದು ಬಿಸಾಡಿದಳು.

ನನ್ನ ಕಿವಿ ಕಾದಿತು. "ಹಿತ್ತಲಿಗೆ ಹೋಗಿ ಬರ್ತೀನಿ, ನೀಲಾ," ಎಂದು ಹೇಳಿ ಹೋಗಿ ಕಲ್ಲಿನ ಮೇಲೆ ಕೂತೆ. ಒಳಗಿನ ಕೂಗಾಟ ಓಣಿಗೆಲ್ಲ ಕೇಳುವಂತಿತ್ತು. ಚಾಚಿ ಗಾಬರಿಯಾಗಿ ಗೋಡೆಯ ಮೇಲಿಂದ ಇಣುಕಿದರು.

"ಏನಾತು ಬೇಟಿ? ಕೂಸು ಯಾಕ ಚೀರಾಕತ್ತೈತಿ?"

"ಸಿಟ್ಟಿಗೆದ್ದಾಳ ಚಾಚಿ," ಎಂದೆ. "ನನಗ ಅಂಜದ ನನ್ನ ಮ್ಯಾಲ ಸಿಟ್ಟಿಗೆದ್ದಾಳ."

ಚಾಚಿ ನನ್ನ ಮುಖವನ್ನು ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಿವಿ ತಣ್ಣಗಾಗುವ ತನಕ ಕೂತೆ. ಎದ್ದು, ಕೈ ಒರೆಸಿಕೊಂಡು, ಒಳಗೆ ಹೋಗಿ ಅವಳೆದುರು ನಿಂತೆ. ಅವಳು ನನ್ನ ಮುಖ ನೋಡಿದಳು. ಉಸಿರು ಎಳೆದುಕೊಂಡಳು. ಮತ್ತೆ ಕಾಲು ಬಡಿಯುತ್ತ ಮೊದಲಿಗಿಂತ ಜೋರಾಗಿ ಅಳತೊಡಗಿದಳು.